ಇಲ್ಲದ ಕಾಯಿಲೆಗೆ ಬಂದ ದುಡ್ಡು

ಮೊದಲಿಗೇ ಒಂದು ಬುದ್ಧಿಮಾತು ಹೇಳಿಬಿಡುತ್ತೇನೆ, ಕತೆ ಆಮೇಲೆ. ಆಸ್ಪತ್ರೆಯ ಬಿಲ್ಲಿಂಗ್ ಕಿಟಕಿಯ ಮುಂದೆ ನಿಂತು ‘ಏನಾದರೂ ಹಾಕಿ ಪಾಸ್ ಮಾಡಿಸಿಕೊಡಿ’ ಎಂದು ಯಾವ ಕಾಲಕ್ಕೂ ಕೇಳಬೇಡಿ. ಕಿಟಕಿಯ ಆಚೆ ಕುಳಿತವನು ನಿಜವಾಗಿಯೂ ಏನಾದರೂ ಹಾಕಿಬಿಡುತ್ತಾನೆ. ನನ್ನ ತಂಗಿಯ ಬಸಿರಿಗೆ ಒಬ್ಬ ಹಾಗೆ ಹಾಕಿದ. ಅವನನ್ನು ನಾನು ಇವತ್ತಿಗೂ ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ.

ನನ್ನ ಅನ್ನ ಹುಟ್ಟುವುದೇ ಈ ಕೆಲಸದಲ್ಲಿ. ರಾಮನಗರದಲ್ಲಿ ಟೈರ್ ಅಂಗಡಿಯೊಂದರ ಮೇಲಿನ ರೂಮಿನಲ್ಲಿ ನನ್ನ ಆಫೀಸು. ನಾನೂ ನನ್ನ ಕೆಲಸದ ಹುಡುಗಿಯರೂ ಸೇರಿ ಸುತ್ತಲಿನ ಸಣ್ಣಪುಟ್ಟ ನರ್ಸಿಂಗ್ ಹೋಮ್‌ಗಳ ಬಿಲ್ಲುಗಳನ್ನು ಇನ್ಶೂರೆನ್ಸ್ ಕಂಪನಿಗಳಿಗೆ ಕಳಿಸಿ ಮಂಜೂರು ಮಾಡಿಸಿಕೊಡುತ್ತೇವೆ. ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲ ಕಡೆಯಿಂದಲೂ ನನಗೆ ಬಿಲ್ಲುಗಳು ಬರುತ್ತವೆ. ನಾನು ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಕಲಿತವಳಲ್ಲ. ಚನ್ನಪಟ್ಟಣದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಸೀತಿ ಹರಿಯುವ ಕೆಲಸಕ್ಕೆ ಸೇರಿದೆ, ಕಣ್ಣು ಬಿಟ್ಟುಕೊಂಡು ಕೂತೆ, ಕಲಿತೆ. ಚೌಕಾಸಿ ಮಾತ್ರ ಅದಕ್ಕೂ ಹಿಂದಿನದು. ನಮ್ಮವ್ವ ಹೈವೇ ಪಕ್ಕ ಬೊಂಬೆ ಇಟ್ಟುಕೊಂಡು ಮಾರುತ್ತಿದ್ದಳು. ಕಾರಿನವರು ಅರ್ಧ ಬೆಲೆಗೆ ಕೇಳುತ್ತಾರೆ. ಆಗ ವಾದಕ್ಕೆ ಇಳಿಯಬಾರದು. ಬೊಂಬೆಯನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು, ಬಟ್ಟೆಯಲ್ಲಿ ಒರೆಸಿ, ಮತ್ತೆ ಗೂಡಿನಲ್ಲಿ ಇಟ್ಟುಬಿಡಬೇಕು. ಕಾರಿನ ಬಾಗಿಲು ತೆಗೆಯುವ ಮುಂಚೆ ತಿರುಗಿ ಬರುತ್ತಾರೆ. ಈ ಒಂದು ಪಾಠದ ಮೇಲೆಯೇ ನಾನು ಮನೆ ಕಟ್ಟಿದ್ದು, ತಂಗಿಯನ್ನು ಓದಿಸಿದ್ದು, ಮದುವೆ ಮಾಡಿಕೊಟ್ಟಿದ್ದು.

ಕೋಡ್ ಎಂದರೆ ಏನು ಎಂದು ತಿಳಿಯದವರಿಗೆ ಎರಡು ಮಾತು. ಆಸ್ಪತ್ರೆಗೆ ಬಂದ ಪ್ರತಿಯೊಬ್ಬರಿಗೂ ‘ಯಾಕೆ ಬಂದರು’ ಎನ್ನುವುದಕ್ಕೆ ಒಂದು ಅಕ್ಷರ, ಕೆಲವು ಅಂಕಿ ಹಾಕಬೇಕು. ಬಸುರಿ ಹೆಂಗಸು ಸುಮ್ಮನೆ ಎಲ್ಲ ಸರಿಯಿದೆಯೇ ಎಂದು ನೋಡಿಸಿಕೊಳ್ಳಲು ಬಂದರೆ, ಸ್ಕ್ಯಾನಿಂಗೋ ರಕ್ತಪರೀಕ್ಷೆಯೋ ಮಾಡಿಸಿದರೆ, ಅದಕ್ಕೆ ಝೆಡ್‌ನಿಂದ ಶುರುವಾಗುವ ಕೋಡ್. ಕಾಯಿಲೆ ಇಲ್ಲ, ಕಸಾಲೆ ಇಲ್ಲ, ಬರೀ ತಪಾಸಣೆ ಎಂದು ಅರ್ಥ. ಅದೇ ಮಗುವಿನಲ್ಲಿ ದೋಷವಿರಬಹುದೆಂಬ ಅನುಮಾನವಿದ್ದರೆ ಓ ಅಕ್ಷರದ್ದು ಬೇರೆ ಕೋಡ್. ಕಂಪನಿಯಲ್ಲಿ ಕೂತವನು ಆ ಹೆಂಗಸಿನ ಮುಖ ನೋಡುವುದಿಲ್ಲ, ಅಕ್ಷರ ನೋಡುತ್ತಾನೆ. ಬಿಡದಿ ಕಡೆಯ ಬಹಳಷ್ಟು ಫ್ಯಾಕ್ಟರಿಗಳ ಪಾಲಿಸಿಯಲ್ಲಿ ಝೆಡ್‌ಗೆ ಬಿಡಿಗಾಸು ಹುಟ್ಟುವುದಿಲ್ಲ. ಓ ಹಾಕಿದರೆ ಹುಟ್ಟುತ್ತದೆ. ಅಡ್ಡದಾರಿ ಇರುವುದು ಇಲ್ಲೇ.

ಆ ಅಡ್ಡದಾರಿಯಲ್ಲಿ ನುರಿತವನೊಬ್ಬ ಇದ್ದ. ಊರಿನ ಒಂದು ಹೆರಿಗೆ ನರ್ಸಿಂಗ್ ಹೋಮಿನ ಮ್ಯಾನೇಜರ್, ಅಲ್ಲಿನ ಡಾಕ್ಟರಮ್ಮನ ತಮ್ಮ. ಅವರ ಬಿಲ್ಲುಗಳನ್ನೆಲ್ಲ ಮುಂಚೆ ನನ್ನ ಆಫೀಸೇ ನೋಡುತ್ತಿತ್ತು. ಒಂದು ದಿನ ಕರೆಸಿ, ಹಲ್ಲು ಕಿರಿದುಕೊಂಡು, “ಅಕ್ಕಾ, ನಿಮ್ಮ ಹುಡ್ಗೀರು ಬರೀ ಝೆಡ್ ಹಾಕ್ತವ್ರೆ. ಝೆಡ್ ಹಾಕುದ್ರೆ ನಮ್ಗೂ ಲಾಭಿಲ್ಲ, ಪೇಶಂಟಿಗೂ ಲಾಭಿಲ್ಲ. ನಾವೇ ನೋಡ್ಕತೀವಿ ಬುಡಿ” ಎಂದು ಕೆಲಸ ಕಿತ್ತುಕೊಂಡ. ಹೋಗಲಿ ಎಂದುಕೊಂಡೆ. ವ್ಯಾಪಾರದಲ್ಲಿ ಒಂದು ಗಿರಾಕಿ ಹೋದರೆ ಇನ್ನೊಂದು ಬರುತ್ತದೆ. ಅದಕ್ಕೆಲ್ಲ ಹಗೆ ಸಾಧಿಸುವವಳು ನಾನಲ್ಲ. ಹಗೆ ಹುಟ್ಟಿದ್ದು ಆಮೇಲೆ.

ತಂಗಿಯನ್ನು ಕೊಟ್ಟಿರುವುದು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆಗೆ. ಗಂಡ ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸಗಾರ, ಮನೆಯಲ್ಲಿ ಹೊಲ, ಹಸು, ಅತ್ತೆ. ಮದುವೆಯಾಗಿ ಬಹಳ ಕಾಲದ ಮೇಲೆ ತಂಗಿ ಬಸುರಿಯಾದಳು. ಮೂರು ತಿಂಗಳು ತುಂಬಿದ ಮೇಲೆ ಮಾಡುವ ಸ್ಕ್ಯಾನಿಂಗಿಗೂ ರಕ್ತಪರೀಕ್ಷೆಗೂ ಗಂಡ ಹೆಂಡತಿ ಅದೇ ನರ್ಸಿಂಗ್ ಹೋಮಿಗೆ ಹೋಗಿ ಬಂದರು. ಡಾಕ್ಟರಮ್ಮನ ಕೈ ಒಳ್ಳೆಯದು ಎಂದು ನಾನೇ ಹೇಳಿದ್ದೆ. ಎಲ್ಲ ಸರಿಯಿದೆ, ಮಗು ಚೆನ್ನಾಗಿದೆ ಎಂದು ಡಾಕ್ಟರಮ್ಮ ಬಾಯಿಬಿಟ್ಟು ಹೇಳಿ ಕಳಿಸಿದ್ದರು.

ಹತ್ತು ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನ ಆಫೀಸಿನಲ್ಲಿದ್ದಾಗ ತಂಗಿಯ ಫೋನ್ ಬಂತು. ಅಳು ತಡೆದುಕೊಂಡು ಮಾತಾಡುತ್ತಿದ್ದಳು. “ಅಕ್ಕಾ, ಮಗೀನಲ್ಲಿ ಐಬು ಐತಂತೆ. ತೆಗೆಸ್ಬುಡು ಅಂತವ್ರೆ ಅತ್ತೆ.”

“ಯಾರೇ ಹೇಳಿದ್ದು ಐಬು ಅಂತ? ಡಾಕ್ಟರಮ್ಮನಾ?”

“ಇನ್ಶೂರೆನ್ಸ್‌ನೋರು.”

ಗಾಡಿ ಮಾಡಿಕೊಂಡು ತಿಪ್ಪಸಂದ್ರಕ್ಕೆ ಹೋದೆ. ನಡೆದದ್ದು ಇಷ್ಟು. ಕಂಪನಿ ದುಡ್ಡನ್ನು ನೇರ ನರ್ಸಿಂಗ್ ಹೋಮಿಗೆ ಕೊಟ್ಟು, ಮಂಜೂರಾತಿಯ ಕಾಗದವನ್ನು ತಂಗಿಯ ಗಂಡನ ಮೊಬೈಲಿಗೆ ಕಳಿಸಿತ್ತು. ಇಂಗ್ಲಿಷಿನಲ್ಲಿತ್ತು. ಮಗನ ಮೊಬೈಲಿನಲ್ಲಿ ಬಂದದ್ದನ್ನು ತಾಯಿ ಹಾಲಿನ ಡೈರಿಯ ಸೆಕ್ರೆಟರಿಗೆ ತೋರಿಸಿದ್ದಾಳೆ. ಅವನು, ಪಾಪ, ಇದ್ದದ್ದನ್ನು ಇದ್ದ ಹಾಗೇ ಓದಿ ಹೇಳಿದ್ದಾನೆ: ಹೊಟ್ಟೆಯಲ್ಲಿರುವ ಮಗುವಿನಲ್ಲಿ ದೋಷವಿರುವ ಅನುಮಾನ, ಅದರ ಬಾಬ್ತು ಹಣ ಮಂಜೂರು.

ನಾನು ಹೋದಾಗ ಬೀಗಿತ್ತಿ ಕೊಟ್ಟಿಗೆಯ ಮುಂದೆ ಹಿಂಡಿ ಕಲಸುತ್ತಿದ್ದರು. ಕೈ ತೊಳೆಯದೆ, ಎದ್ದು ನಿಲ್ಲದೆ ಮಾತು ಶುರುವಿಟ್ಟರು. ನಾನು ಸ್ಕ್ಯಾನಿಂಗ್ ರಿಪೋರ್ಟ್ ತೋರಿಸಿದೆ. ಡಾಕ್ಟರಮ್ಮನಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ‘ಮಗು ಚೆನ್ನಾಗಿದೆ, ನಿಮ್ಮ ಸೊಸೆಗೆ ಏನೂ ತೊಂದರೆಯಿಲ್ಲ’ ಎಂದು ಅವರ ಬಾಯಲ್ಲೇ ಹೇಳಿಸಿದೆ. ಕೋಡ್ ತಪ್ಪಾಗಿ ಹಾಕಿದ್ದಾರೆ ಎಂದು ತಿಳಿಸಿ ಹೇಳಿದೆ. ಆ ತಾಯಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

“ನೋಡವ್ವಾ, ನಂದೊಂದು ಸೀಮೆ ಹಸ ಇತ್ತು. ಕಿವೀಗೆ ಬಿಲ್ಲೆ ಹೊಡ್ದು ಇನ್ಸೂರೆನ್ಸ್ ಮಾಡ್ಸಿದ್ದೆ. ಹಸ ಹಾಲು ಕೊಡೋಗಂಟ ಒಂದು ಕಾಸು ಬರ್ನಿಲ್ಲ. ಹಸ ಸತ್ಮೇಲೆ ಬಂತು. ಡಾಕುಟ್ರು ಸಮಾಧಾನಕ್ಕೆ ನೂರು ಹೇಳ್ತಾರೆ. ಕಂಪ್ನಿಯೋರು ಚೆಂದಾಗಿರೋದುಕ್ಕೆ ದುಡ್ಡು ಕೊಟ್ಟಾರಾ? ನೀನೇ ಹೇಳು, ನೀನು ಅದೇ ಕಸ್ಬಿನೋಳು.”

ಅದೇ ಕಸುಬಿನವಳಿಗೆ ಗೊತ್ತಿಲ್ಲವೇ? ಆಕೆ ಹೇಳಿದ್ದು ನಿಜ. ಚೆನ್ನಾಗಿರುವುದಕ್ಕೆ ಯಾವ ಕಂಪನಿಯೂ ದುಡ್ಡು ಕೊಡುವುದಿಲ್ಲ. ತಂಗಿಯ ಗಂಡ ಕಂಬಕ್ಕೆ ಒರಗಿ ನಿಂತಿದ್ದ. ಕಾಲಿನ ಹೆಬ್ಬೆರಳಿನಲ್ಲಿ ನೆಲ ಕೆರೆಯುತ್ತಿದ್ದ. ಅವನು ದುಃಖದಲ್ಲಿದ್ದಾನೆ ಎಂದುಕೊಂಡೆ.

“ಕನಕಪುರದ ಕಡೆ ತೆಗೆಯೋರು ಒಬ್ರು ಅವ್ರಂತೆ, ಶುಕ್ರವಾರ ಬನ್ನಿ ಅಂದವ್ರೆ” ಎಂದರು ಬೀಗಿತ್ತಿ.

“ಶುಕ್ರವಾರ ನೀವು ಬೇಕಾದ್ರೆ ಹೋಗಿ ಬನ್ನಿ. ನನ್ ತಂಗಿ ನನ್ ಜೊತೆ ಬತ್ತಾಳೆ” ಎಂದು ಬಟ್ಟೆ ಕಟ್ಟಿಸಿಕೊಂಡು ತಂಗಿಯನ್ನು ಕರೆದುಕೊಂಡು ಬಂದೆ. ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ.

ಮನೆಗೆ ಬಂದ ಮೇಲೆ ತಂಗಿ ಊಟ ಬಿಟ್ಟಳು. ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಮುರಿದು ಮುರಿದು ಇಡುತ್ತಿದ್ದಳು. ಕೋಡಿನ ವಿಷಯ ಎತ್ತದೆ, ಇವಳು ಹೆದರಿದ್ದಾಳೆ ಎಂದಷ್ಟೇ ಹೇಳಿ ಡಾಕ್ಟರಮ್ಮನ ಹತ್ತಿರ ಮತ್ತೆ ಕರೆದುಕೊಂಡು ಹೋದೆ. ಅವರು ಸ್ಕ್ರೀನನ್ನು ಇವಳ ಕಡೆಗೇ ತಿರುಗಿಸಿ ಕೈ ತೋರಿಸಿದರು, ಕಾಲು ತೋರಿಸಿದರು, ಎದೆ ಬಡಿತ ಕೇಳಿಸಿದರು. ಅಲ್ಲಿ ತಲೆ ಆಡಿಸಿದವಳು ಆಟೋದಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದಳು:

“ಅಕ್ಕಾ, ನೀನೂ ಡಾಕ್ಟರಮ್ಮನೂ ಸೇರ್ಕೊಂಡು ನನ್ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ? ಐಬಿಲ್ದಿದ್ರೆ ಕಂಪ್ನಿಯೋರು ಯಾಕ್ ಕೊಟ್ರು? ಶುಕ್ರವಾರ ಹೋಗ್ಬುಡ್ಲಾ?”

ನಾನು ಓದಿಸಿದ ಹುಡುಗಿ. ಬಿ.ಎ. ಮಾಡಿದ ಹುಡುಗಿ. ಸತ್ತ ಹಸುವಿನ ಲೆಕ್ಕ ಅವಳ ತಲೆಯೊಳಕ್ಕೂ ಇಳಿದುಬಿಟ್ಟಿತ್ತು. ಅಂದು ನನ್ನೊಳಗೆ ಏಳಬೇಕಾದದ್ದು ಎದ್ದಿತು. ಅಷ್ಟು ವರ್ಷ ಕಾದು ನಿಂತ ಮಗುವನ್ನು ಅವಳ ಕೈಯಿಂದಲೇ ಕಳೆಯುವಂತೆ ಮಾಡಿದವನು ಎ.ಸಿ. ರೂಮಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾನೆ ಎಂದು ನೆನೆದರೆ ಕೈ ಕಡಿಯುತ್ತಿತ್ತು. ಆದರೂ ಹೇಳುತ್ತೇನೆ ಕೇಳಿ: ಸಿಟ್ಟು ಬಂದ ದಿನ ಯಾರ ಬಾಗಿಲಿಗೂ ಹೋಗಬೇಡಿ. ಸಿಟ್ಟಿನಲ್ಲಿ ಹೋದವರಿಗೆ ನೀರು ಕೊಟ್ಟು, ಕೂರಿಸಿ, ಸಮಾಧಾನ ಹೇಳಿ ಕಳಿಸುತ್ತಾರೆ. ಒಂದು ರಾತ್ರಿ ನಿದ್ದೆ ಮಾಡಿ, ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಬೇಕು.

ನಿದ್ದೆಯಲ್ಲೇ ಇರಬೇಕು, ನನಗೆ ದಾರಿ ಹೊಳೆದದ್ದು. ದುಡ್ಡು ಬಂದದ್ದಕ್ಕೆ ತಾನೆ ಇವರು ಐಬು ನಂಬಿದ್ದು? ಹಾಗಾದರೆ ದುಡ್ಡು ವಾಪಸ್ ಹೋಗಬೇಕು. ರಿಪೋರ್ಟು, ಡಾಕ್ಟರಮ್ಮ, ನಾನು, ಯಾರು ಹೇಳಿದರೂ ಪ್ರಯೋಜನವಿಲ್ಲ. ಕಂಪನಿ ಕೊಟ್ಟಿದ್ದನ್ನು ಕಂಪನಿಯೇ ವಾಪಸ್ ಇಸಿದುಕೊಳ್ಳಬೇಕು.

ಮಾರನೆಯ ದಿನ ಗುರುವಾರ, ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನಿಂಗಿನ ದಿನ. ಹಾಲ್ ತುಂಬ ಬಸುರಿಯರು. ಮ್ಯಾನೇಜರ್ ಗಾಜಿನ ಹಿಂದೆ ಕೂತಿದ್ದ. ನನ್ನನ್ನು ನೋಡಿ ತಲೆ ತಗ್ಗಿಸಿ ಕಂಪ್ಯೂಟರಿನಲ್ಲಿ ಮುಳುಗಿದ. ನಾನು ಅವನ ಕಡೆ ಹೋಗಲೇ ಇಲ್ಲ. ಹೆಂಗಸರ ನಡುವೆ ಜಾಗ ಮಾಡಿಸಿಕೊಂಡು ಕೂತೆ. ಪಕ್ಕದಲ್ಲಿದ್ದ ಹುಡುಗಿಯನ್ನು ಮಾತಾಡಿಸಿದೆ, ಸ್ವಲ್ಪ ಜೋರಾಗಿಯೇ.

“ಯಾವೂರವ್ವ?”

“ಬೈರಮಂಗಲ ಅಕ್ಕ.”

“ಯಜಮಾನ್ರು ಫ್ಯಾಕ್ಟ್ರೀನಾ? ಹೋದ ಸಲ ಸ್ಕ್ಯಾನಿಂಗ್ ದುಡ್ಡು ಕಟ್ಟುದ್ರಾ?”

“ಇಲ್ಲ ಅಕ್ಕ. ಆ ಅಣ್ಣ ಪಾಸ್ ಮಾಡಿಸ್ಕೊಟ್ರು. ಬೋ ಒಳ್ಳೇವ್ರು.”

“ಒಳ್ಳೇವ್ರೇ. ಯಾವ ಕಾಯ್ಲೆ ಹಾಕ್ಕೊಟ್ರು?”

“ಕಾಯ್ಲೆನಾ? ನಂಗ್ಯಾವ ಕಾಯ್ಲೆ ಐತೆ?”

“ನಿಂಗಲ್ಲ, ಮಗೀಗೆ. ಏನೋ ಒಂದು ಹಾಕಿರ್ಬೇಕಲ್ಲ, ಇಲ್ದಿದ್ರೆ ಎಂಗೆ ಪಾಸಾಯ್ತದೆ? ಹೋಗಿ ಕೇಳ್ಕೊಂಡ್ ಬಾ. ನನ್ ತಂಗಿ ಮಗೀಗೆ ಐಬು ಅಂತ ಹಾಕವ್ರೆ.”

ಎದುರಿಗೆ ಮಗಳ ಜೊತೆ ಬಂದಿದ್ದ, ರೇಷ್ಮೆ ನೂಲು ತೆಗೆಸುವ ಮನೆಯ ಸಾಬರ ಹೆಂಗಸೊಬ್ಬರು ಬುರ್ಖಾ ಸರಿಮಾಡಿಕೊಂಡು ಎದ್ದರು. “ಯಾ ಅಲ್ಲಾ! ನಮ್ ಹುಡ್ಗೀದುಕ್ಕೂ ಪಾಸ್ ಮಾಡಿದಾರೆ. ಏನ್ ಬರ್ದಿದಾರೆ ಅಂತ ನಾನ್ ಕೇಳ್ತೀನಿ, ನಡೀರಿ” ಎಂದು ಕಿಟಕಿಗೆ ಹೋದರು. ಅವರ ಹಿಂದೆ ಬೈರಮಂಗಲದ ಹುಡುಗಿ. ಅವಳ ಹಿಂದೆ ಇನ್ನಿಬ್ಬರು. ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಒಬ್ಬ ಅಜ್ಜಿ ಕೂತಲ್ಲಿಂದಲೇ ಕೂಗಿದಳು: “ಲೇ ತಮ್ಮಾ, ನಮ್ ಸೊಸೇಗೇನಾಕಿದ್ದೀಯ್ಲಾ? ಒಂದ್ ತಲೇನಾ ಎರಡ್ ತಲೇನಾ? ಬಾಯ್ಬುಟ್ಟು ಹೇಳು, ಕುಲಾವಿ ಹೊಲಿಸ್ಬೇಕು!”

ಕೆಲವರು ನಕ್ಕರು. ಆದರೆ ಕಿಟಕಿಯ ಮುಂದಿದ್ದವರು ನಗಲಿಲ್ಲ. ಒಬ್ಬಳು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳನ್ನು ಕರೆದು ಕೂರಿಸಿ, “ಅಳಬೇಡ ಕಣವ್ವ, ಮಗೀಗೇನೂ ಆಗಿಲ್ಲ, ಆಗಿರೋದೆಲ್ಲ ಆ ಕಂಪ್ಯೂಟ್ರಿಗೆ” ಎಂದೆ.

ಮ್ಯಾನೇಜರ್ ಓಡಿ ಬಂದ. “ಅಕ್ಕಾ, ಅಕ್ಕೋ, ಒಳೀಕ್ ಬನ್ನಿ, ಕಾಫಿ ತರುಸ್ತೀನಿ.”

“ಇಲ್ಲೇ ಚೆನ್ನಾಗೈತೆ ಗಾಳಿ.”

“ಏನಾಗ್ಬೇಕೇಳಿ. ಮಗು ಚೆನ್ನಾಗೈತೆ ಅಂತ ಲೆಟರ್‌ಹೆಡ್‌ನಲ್ಲಿ ಸೀಲ್ ಹಾಕಿ ಕೊಟ್ಬುಡ್ತೀನಿ.”

“ನಿನ್ ಸೀಲು ಯಾರಿಗ್ಬೇಕು? ತಪ್ಪು ಕೋಡ್ ಹಾಕಿದ್ವಿ ಅಂತ ಕಂಪ್ನಿಗೆ ಬರಿ. ದುಡ್ಡು ವಾಪಸ್ ಕಳ್ಸು. ಆ ಕಾಗದ ನನ್ ತಂಗಿ ಗಂಡನ ಮೊಬೈಲಿಗೆ ಬರ್ಬೇಕು.”

ಅವನು ಹತ್ತಿರಕ್ಕೆ ಬಗ್ಗಿದ. ದನಿ ತಗ್ಗಿಸಿದ. “ಅದೊಂದಾಗಕಿಲ್ಲ ಅಕ್ಕ. ಒಂದು ವಾಪಸ್ ಮಾಡುದ್ರೆ ಮಿಕ್ಕಿದ್ದೆಲ್ಲಾ ತೆಗೀತಾರೆ. ಬೇಕಾದ್ರೆ ನಿಮ್ಮ ಕೆಲ್ಸ ನಿಮಗೇ ಕೊಡ್ತೀನಿ. ನಾಳೆಯಿಂದ್ಲೇ ಎಲ್ಲಾ ಬಿಲ್ಲು ನಿಮ್ಮಾಫೀಸಿಗೆ.”

ನಮ್ಮವ್ವನ ಬೊಂಬೆ ನೆನಪಾಯಿತು. ನಾನು ವಾದ ಮಾಡಲಿಲ್ಲ. ಎದ್ದು ನಿಂತು ಸೆರಗು ಸರಿಮಾಡಿಕೊಂಡು, ಅಜ್ಜಿಗೆ “ಬತ್ತೀನಿ ತಾಯಿ” ಎಂದೆ. ಚಪ್ಪಲಿ ಮೆಟ್ಟಿಕೊಂಡು ಡಾಕ್ಟರಮ್ಮನ ರೂಮಿನ ಕಡೆಗೆ ನಾಲ್ಕು ಹೆಜ್ಜೆ ಹಾಕಿದೆ. ಸ್ಕ್ಯಾನಿಂಗ್ ಯಂತ್ರಕ್ಕೆ ಲೈಸೆನ್ಸ್ ಇರುವುದು ಅವರ ಹೆಸರಿಗೆ. ಕಾಗದಗಳಲ್ಲಿ ಸುಳ್ಳು ಸಿಕ್ಕರೆ ಅದೇ ರದ್ದಾಗುತ್ತದೆ. ಸರ್ಕಾರಕ್ಕೆ ಹೋಗುವ ಕಾಗದದಲ್ಲಿ ಮಾಮೂಲಿ ತಪಾಸಣೆ, ಕಂಪನಿಗೆ ಹೋಗುವುದರಲ್ಲಿ ಐಬಿನ ಅನುಮಾನ ಎಂದು ಈ ತಮ್ಮ ಎರಡು ನಾಲಿಗೆಯಲ್ಲಿ ಬರೆಯುತ್ತಿದ್ದಾನೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಏನಾಗುತ್ತದೆಂದು ಇವನಿಗೆ ಗೊತ್ತಿತ್ತು.

“ಅಕ್ಕಾ! ನಿಂತ್ಕಳಿ. ಮಾಡ್ತೀನಿ. ಈಗ್ಲೇ ಮಾಡ್ತೀನಿ.”

ಅವನ ಹಿಂದೆಯೇ ನಿಂತು ಪ್ರತಿಯೊಂದು ಅಕ್ಷರ ಬರೆಸಿದೆ. ‘ನಮ್ಮ ಸಿಬ್ಬಂದಿಯಿಂದ’ ಎಂದು ಹಾಕಿದ್ದ, ಅಳಿಸಿ ‘ನನ್ನಿಂದ’ ಎಂದು ಹಾಕಿಸಿದೆ. ಝೆಡ್ ಹಾಕಿಸಿದೆ. ಕಳಿಸಿದ ಮೇಲೆ ಅವನಿಗೆ ಉರಿದುಹೋಗಿರಬೇಕು, ಕುರ್ಚಿ ತಿರುಗಿಸಿ ಹೇಳಿದ: “ನನ್ನೊಬ್ನನ್ನೇ ಯಾಕ್ ಅರೀತೀರಾ? ನಾನೇನು ಕನಸ್ ಕಂಡು ಹಾಕಿದ್ನಾ? ನಿಮ್ ತಂಗಿ ಗಂಡನೇ ಬಂದು ಇಲ್ಲಿ ನಿಂತ್ಕಂಡು, ‘ಅಣ್ಣಾ, ಏನಾರ ಹಾಕಿ ಪಾಸ್ ಮಾಡ್ಸಣ್ಣ, ಒಸಿ ಉಪ್ಕಾರ ಆಯ್ತದೆ’ ಅಂದಿದ್ದು. ಏನ್ ಹಾಕ್ಲಿ ಅಂದಿದ್ಕೆ, ನಿಮ್ಗೆ ತಿಳ್ದಿದ್ದು ಹಾಕಿ ಅಂದ.”

ಕಂಬಕ್ಕೆ ಒರಗಿ ನಿಂತಿದ್ದ ಆ ಮನುಷ್ಯ, ನೆಲ ಕೆರೆಯುತ್ತಿದ್ದ ಆ ಹೆಬ್ಬೆರಳು ಕಣ್ಣ ಮುಂದೆ ಬಂತು. ದುಃಖವಲ್ಲ ಅದು. ತಾನೇ ಕೇಳಿ ಹಾಕಿಸಿದ್ದು ಎಂದು ತಾಯಿಯ ಮುಂದೆ ಒಪ್ಪಿಕೊಳ್ಳಲು ನಾಚಿಕೆ. ಆ ನಾಚಿಕೆ ಮುಚ್ಚಿಕೊಳ್ಳಲು ಹೆಂಡತಿಯನ್ನು ಶುಕ್ರವಾರ ಕನಕಪುರಕ್ಕೆ ಕಳಿಸಲೂ ತಯಾರಾಗಿದ್ದ.

ಕಂಪನಿಯವರ ಉತ್ತರ ಬರುವವರೆಗೆ ತಂಗಿಯನ್ನು ಮನೆಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಆ ಶುಕ್ರವಾರ ಬೀಗಿತ್ತಿಯ ಫೋನನ್ನು ಎತ್ತಲೇ ಇಲ್ಲ, ತಂಗಿಯ ಕೈಗೂ ಕೊಡಲಿಲ್ಲ. ಮುಂದಿನ ವಾರ ಕಾಗದ ಬಂದಿತೆಂದು ಮ್ಯಾನೇಜರನೇ ಫೋನ್ ಮಾಡಿ ಹೇಳಿದ. ತಂಗಿಯನ್ನೂ ಕರೆದುಕೊಂಡು ತಿಪ್ಪಸಂದ್ರಕ್ಕೆ ಹೋದೆ. ಭಾನುವಾರ, ಗಂಡ ಮನೆಯಲ್ಲೇ ಇದ್ದ. ದಾರಿಯಲ್ಲಿ ಡೈರಿಯ ಸೆಕ್ರೆಟರಿಯನ್ನೂ ಹತ್ತಿಸಿಕೊಂಡೆ. ಐಬು ಓದಿದ ಬಾಯಲ್ಲೇ ಇದನ್ನೂ ಓದಿಸಬೇಕಿತ್ತು.

ಸೆಕ್ರೆಟರಿ ಕನ್ನಡಕ ಏರಿಸಿಕೊಂಡು ಓದಿದ: ಕೋಡ್ ತಪ್ಪಾಗಿತ್ತು, ಮಾಮೂಲಿ ತಪಾಸಣೆ, ಇದಕ್ಕೆ ಹಣ ಸಲ್ಲುವುದಿಲ್ಲ, ಕೊಟ್ಟದ್ದನ್ನು ವಾಪಸ್ ಪಡೆಯಲಾಗಿದೆ.

ಬೀಗಿತ್ತಿ ಮಂಡಿಯ ಮೇಲೆ ಕೈಯಿಟ್ಟು ಮುಂದಕ್ಕೆ ಬಗ್ಗಿದರು. “ವಾಪಸ್ ಇಸ್ಕಂಡ್ರಾ?”

“ಹೂಂ.”

“ಪೂರ್ತೀನಾ?”

“ಪೂರ್ತಿ ಕಣಮ್ಮ. ಒಂದು ರೂಪಾಯೀನೂ ಬುಟ್ಟಿಲ್ಲ.”

ಆಕೆ ಕೊಟ್ಟಿಗೆಯ ಕಡೆ ನೋಡಿದರು. ಆಮೇಲೆ ತಂಗಿಯ ಹೊಟ್ಟೆಯ ಕಡೆ ನೋಡಿದರು. “ಹಂಗಾರೆ ಗಟ್ಟಿಯಾಗೈತೆ ಕೂಸು” ಎಂದು ಸೆರಗಿನಲ್ಲಿ ಮುಖ ಒತ್ತಿಕೊಂಡರು. ತಂಗಿ ಹಜಾರದಲ್ಲೇ ಕುಸಿದು ಕೂತು ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಷ್ಟು ದಿನ ಅವಳು ಅಲ್ಲಿಗೆ ಕೈ ಒಯ್ಯುವುದನ್ನೇ ಬಿಟ್ಟಿದ್ದಳು.

ಬೇರೆಯವರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ನಾನು ಸುಮ್ಮನಾಗಲಿಲ್ಲ. ಗಂಡನ ಕಡೆ ತಿರುಗಿ, “ಈಗ ನೀನು ಹೇಳಪ್ಪ. ಆ ಮೊದಲ್ನೇ ಕಾಗದ ಹೆಂಗ್ ಬಂತು ಅಂತ ನಿಮ್ಮವ್ವುಂಗೆ ನೀನೇ ಹೇಳು” ಎಂದೆ. ಸೆಕ್ರೆಟರಿ ಏಳಲು ಹೋದ, ಕೂರಿಸಿದೆ. ಊರಿಗೆಲ್ಲ ಹಾಲಿನ ಜೊತೆ ಸುದ್ದಿ ಹಂಚುವವನು ಅವನು. ಗಂಡ ತೊದಲಿದ, ನೀರು ಕೇಳಿದ, ಕೊನೆಗೆ ಹೇಳಿದ. ಬೀಗಿತ್ತಿ ಎದ್ದು ಬಂದವರು ಮಗನ ಕೆನ್ನೆಗೆ ಒಂದು ಬಿಟ್ಟರು. ಅವತ್ತೂ ಹಸುವಿಗೆ ಹಿಂಡಿ ಕಲಸಿ ಬಂದ ಕೈ ಅದು, ಪುಡಿ ಇನ್ನೂ ಅಂಟಿತ್ತು. ಕೆನ್ನೆಯ ಮೇಲೆ ಐದು ಬೆರಳೂ ಹಳದಿಯಾಗಿ ಮೂಡಿದವು. ನನಗೆ ಎಷ್ಟು ತಂಪಾಯಿತೆಂದರೆ, ಈಗಲೂ ತಲೆ ಬಿಸಿಯಾದ ದಿನ ಅದನ್ನು ನೆನೆಸಿಕೊಳ್ಳುತ್ತೇನೆ.

“ಇರವ್ವ ಇಲ್ಲೇ, ನಾನು ನೋಡ್ಕತೀನಿ” ಎಂದು ಸೊಸೆಯ ಕೈ ಹಿಡಿದರು. ತಂಗಿ ನನ್ನ ಮುಖ ನೋಡಿದಳು. “ಬಾಣಂತನ ಮುಗಿಯೋಗಂಟ ನಮ್ಮನೇಲೇ ಇರ್ಲಿ. ಮೊದಲ ಹೆರಿಗೆ ತವರಿನದು, ತವರಂದ್ರೆ ನಾನೇ” ಎಂದೆ. “ನೋಡ್ಬೇಕು ಅನ್ನಿಸ್ದಾಗ ನೀವೇ ಬಂದ್ ನೋಡ್ಕೊಂಡ್ ಹೋಗಿ.” ಸೀಮಂತಕ್ಕೂ ಬೀಗಿತ್ತಿ ಮಾಗಡಿಯಿಂದ ಬಸ್ಸು ಹತ್ತಿ ನನ್ನ ಮನೆಗೇ ಬಂದರು, ಬುಟ್ಟಿ ಹೊತ್ತುಕೊಂಡು. ನಾನೇನೂ ಬಸ್ ಸ್ಟ್ಯಾಂಡಿಗೆ ಹೋಗಿ ಕರೆತರಲಿಲ್ಲ. ಆ ಭಾನುವಾರ ತಿಪ್ಪಸಂದ್ರದಿಂದ ಬರುತ್ತ ಗಾಡಿಯಲ್ಲಿ ತಂಗಿ ಹಿಂದಿನ ಸೀಟಿನಿಂದ, “ಅಕ್ಕಾ, ಮನೇಲಿ ಮುದ್ದೆ ಉಪ್ಸಾರು ಐತಾ?” ಎಂದು ಕೇಳಿದ್ದು ಮಾತ್ರ ನನಗೆ ಇವೆಲ್ಲಕ್ಕಿಂತ ದೊಡ್ಡ ಗೆಲುವು. ಹೆಣ್ಣು ಮಗು ಹುಟ್ಟಿತು. ಗಟ್ಟಿ ಗಂಟಲು.

ಇನ್ನು ಮ್ಯಾನೇಜರ್. ಅವತ್ತು ನರ್ಸಿಂಗ್ ಹೋಮಿನ ಹಾಲ್‌ನಲ್ಲಿ ನಡೆದದ್ದು ಡಾಕ್ಟರಮ್ಮನ ಕಿವಿಗೆ ಬೀಳದೆ ಇರುತ್ತದೆಯೇ? ಬಸುರಿಯರ ಬಿಲ್ಲುಗಳನ್ನು ಅವರೇ ಮತ್ತೆ ನನಗೆ ಕೊಟ್ಟರು. ಅವತ್ತು ಅವನು ಕೊಡುತ್ತೇನೆ ಎಂದಾಗ ಒಪ್ಪಿದ್ದರೆ ಹಳೆಯ ರೇಟಿಗೇ ಸಿಗುತ್ತಿತ್ತು. ಎದ್ದು ನಿಂತಿದ್ದಕ್ಕೆ ಹೊಸ ರೇಟು ಸಿಕ್ಕಿತು. ಜೊತೆಗೆ ಒಂದು ಷರತ್ತನ್ನೂ ಹಾಕಿದೆ: ಬಿಲ್ಲುಗಳನ್ನು ಆಳಿನ ಕೈಯಲ್ಲಿ ಕಳಿಸುವಂತಿಲ್ಲ, ತಮ್ಮನೇ ತರಬೇಕು. ಡಾಕ್ಟರಮ್ಮ ನನ್ನ ಮುಖ ನೋಡಿ, ಯಾಕೆ ಎಂದು ಕೇಳದೆ ಒಪ್ಪಿದರು.

ಪ್ರತಿ ವಾರ ಸ್ಕ್ಯಾನಿಂಗಿನ ಮಾರನೆಯ ದಿನ, ಶುಕ್ರವಾರ, ಅವನು ಟೈರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಬರುತ್ತಾನೆ. ಆ ಹೊತ್ತಿಗೆ ನನ್ನ ಕೈಯಲ್ಲಿ ಬೇರೆ ಕೆಲಸವಿಲ್ಲದಿದ್ದರೂ ಸ್ವಲ್ಪ ಕಾಯಿಸುತ್ತೇನೆ. ಆಮೇಲೆ ಒಂದೊಂದೇ ಬಿಲ್ಲು ಎತ್ತಿ ಹಿಡಿಯುತ್ತೇನೆ.

“ಈಯಮ್ಮನ ಕೂಸು ಹೆಂಗೈತೆ?”

“ಚೆನ್ನಾಗೈತೆ ಅಕ್ಕ.”

“ಕೇಳುಸ್ನಿಲ್ಲ. ಜೋರಾಗಿ ಹೇಳು.”

“ಚೆನ್ನಾಗೈತೆ ಅಕ್ಕಾ!”

ನನ್ನ ಹುಡುಗಿಯರು ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ಝೆಡ್ ಹಾಕುತ್ತಾರೆ. ನಾನು ಮುಂದಿನ ಬಿಲ್ಲು ಎತ್ತುತ್ತೇನೆ.